ಬೆನ್ನಿನ ಕಡೆ ಹರಿದ ಅಂಗಿ

ನಮ್ಮ ದಾದಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಯೂಸುಫ್ ಜುಲೇಖಾರ ಕಿಸ್ಸಾ ಅವರಿಗೆ ಬಾಯಿಪಾಠವಾಗಿತ್ತು. ಮಳೆಗಾಲದ ಸಂಜೆ ಕರೆಂಟು ಹೋದಾಗ ಅಡುಗೆಮನೆಯ ಹೊಸ್ತಿಲ ಬಳಿ ಕೂತು, ಈರುಳ್ಳಿ ಹೆಚ್ಚುತ್ತಾ ಅದನ್ನು ಹೇಳುತ್ತಿದ್ದರು. ಸುತ್ತ ಕೂತ ಹೆಂಗಸರ ಕೈಯಲ್ಲೂ ಒಂದೊಂದು ಚಾಕು. ಮಿಸ್ರ್ ಪಟ್ಟಣದ ಬೀಬಿಯರು ಯೂಸುಫರ ಚೆಲುವನ್ನು ಕಂಡು ಹಣ್ಣಿನ ಬದಲು ತಮ್ಮ ಕೈಯನ್ನೇ ಕೊಯ್ದುಕೊಂಡ ಭಾಗ ಬಂದಾಗ ಎಲ್ಲರೂ ತಮ್ಮ ತಮ್ಮ ಬೆರಳು ನೋಡಿಕೊಂಡು ನಗುತ್ತಿದ್ದರು. ಅಂಗಳಕ್ಕೆ ಗಂಡಸರು ಯಾರಾದರೂ ಬಂದರೆ ಕಿಸ್ಸಾ ನಿಲ್ಲುತ್ತಿತ್ತು. ನಾವು ಆಗಿನ್ನೂ ಚಿಕ್ಕವರು, ಗಂಡಸರ ಲೆಕ್ಕಕ್ಕೆ ಸೇರಿರಲಿಲ್ಲ. ಹಾಗಾಗಿ ಪೂರ್ತಿ ಕೇಳುವ ಭಾಗ್ಯ ನಮ್ಮದಾಯಿತು.

ಮುಂದೆ ಮೌಲ್ವಿ ಸಾಹೇಬರ ಬಳಿ ಅದೇ ಸೂರಃ ಓದಿದಾಗ ಜುಲೇಖಾಳ ಹೆಸರೇ ಅಲ್ಲಿರಲಿಲ್ಲ. ಇನ್ನೂ ಕೆಲವು ವರ್ಷಗಳ ನಂತರ ಕನ್ನಡ ತರಗತಿಯಲ್ಲಿ ಜನ್ನನ 'ಯಶೋಧರ ಚರಿತೆ' ಬಂತು. ಪಾಠ ಹೇಳಿದವರು ಅಮೃತಮತಿಯ ಪ್ರಸಂಗವನ್ನು ತಲೆ ತಗ್ಗಿಸಿ ಬೇಗ ಬೇಗ ಮುಗಿಸಿ, ಹೆಣ್ಣಿನ ಮನಸ್ಸು ಚಂಚಲ ಎಂದು ಬರೆದುಕೊಳ್ಳಲು ಹೇಳಿದರು. ಬರೆದುಕೊಂಡೆವು. ಉರ್ದುವಿನಲ್ಲಿ ಕಲಿತದ್ದೂ ಕನ್ನಡದಲ್ಲಿ ಕಲಿತದ್ದೂ ಕಡೆಗೆ ಒಂದೇ ಮಾತಾಗಿತ್ತು: ಹೆಣ್ಣು ಮನಸ್ಸು ಮಾಡಿದರೆ ಎಂಥ ಗಂಡಸನ್ನೂ ಕೆಡವಬಲ್ಲಳು, ಆದ್ದರಿಂದ ಆಕೆಯ ಆಸೆಗೆ ಅಂಜಬೇಕು. ಈ ಮಾತನ್ನು ಅನುಮಾನಿಸಲು ನಮಗೆ ಬಹಳ ವರ್ಷ ಹಿಡಿಯಿತು.

ಮೂಲಕ್ಕೆ ಹೋಗೋಣ. ಕುರ್‌ಆನಿನ 12ನೇ ಅಧ್ಯಾಯ ಸೂರಃ ಯೂಸುಫ್. ಒಟ್ಟು 111 ಆಯತ್‌ಗಳು. ಒಬ್ಬ ಪ್ರವಾದಿಯ ಕಥೆಯನ್ನು ಮೊದಲಿನಿಂದ ಕಡೆಯವರೆಗೆ ಒಂದೇ ಕಡೆ, ಹೀಗೆ ಬಿಡಿಸಿ ಹೇಳಿದ ಇನ್ನೊಂದು ಅಧ್ಯಾಯವಿಲ್ಲ. ಯಹೂದಿ ಮತ್ತು ಕ್ರೈಸ್ತರ ಆದಿಕಾಂಡದಲ್ಲೂ ಇದೇ ಪ್ರಸಂಗವಿದೆ. ಅಲ್ಲಿ ಆಕೆ ಪೋಟೀಫರನ ಹೆಂಡತಿ, ಇಲ್ಲಿ ಅಝೀಝನ ಹೆಂಡತಿ. ಎರಡೂ ಕಡೆ ಆಕೆಗೆ ಹೆಸರಿಲ್ಲ. ಜುಲೇಖಾ ಎಂಬ ಹೆಸರು ನಂತರದ ಪರಂಪರೆ ಇಟ್ಟದ್ದು.

ಇಂಥ ಕಥೆ ದೇವವಾಣಿಯಲ್ಲಿ ಇರಬಹುದೇ ಎಂದು ತಕರಾರು ತೆಗೆದವರೂ ಇದ್ದರು. ಖಾರಿಜಿಗಳಲ್ಲಿ ಒಂದು ಪಂಗಡ ಈ ಅಧ್ಯಾಯ ಕುರ್‌ಆನಿನ ಭಾಗವೇ ಅಲ್ಲ ಎನ್ನುತ್ತಿತ್ತೆಂದು 12ನೇ ಶತಮಾನದ ವಿದ್ವಾಂಸ ಶಹ್ರಸ್ತಾನಿ ಬರೆದಿಟ್ಟಿದ್ದಾರೆ. ಪ್ರೇಮದ ಕಥೆ ಅಲ್ಲಾಹನ ವಚನವಾಗಲಾರದು ಎಂಬುದು ಅವರ ವಾದ. ಸಮುದಾಯ ಈ ವಾದವನ್ನು ಒಪ್ಪಲಿಲ್ಲ, ಸರಿ. ಆದರೆ ಆ ಅಂಜಿಕೆ ಬೇರೆ ವೇಷದಲ್ಲಿ ಉಳಿದುಕೊಂಡಿತು. ಹೆಣ್ಣುಮಕ್ಕಳಿಗೆ ಸೂರಃ ಯೂಸುಫ್ ಕಲಿಸಬೇಡಿ, ಸೂರಃ ನೂರ್ ಕಲಿಸಿ ಎಂಬ ಅರ್ಥದ ಮಾತೊಂದು ಪ್ರವಾದಿವರ್ಯರ(ಸ) ಹೆಸರಿನಲ್ಲೇ ಓಡಾಡಿತು. ಹದೀಸ್ ಬಲ್ಲವರು ಅದನ್ನು ದುರ್ಬಲವೆಂದು ತಳ್ಳಿಹಾಕಿದ್ದಾರೆ. ಆದರೂ ಅದನ್ನು ನಂಬಿದ ಮನೆಗಳನ್ನು ನಾವು ಬಲ್ಲೆವು. ನಮ್ಮ ದಾದಿ ಆ ಮಾತನ್ನು ಕೇಳಿರಲಿಲ್ಲವೆಂದು ಕಾಣುತ್ತದೆ.

ಈಗ ಕಥೆಯನ್ನು ನಿಧಾನವಾಗಿ ಓದಬೇಕು. ಬಾವಿಯಿಂದ ಎತ್ತಿದ ಹುಡುಗನನ್ನು ಕೆಲವೇ ದಿರ್ಹಮ್‌ಗಳಿಗೆ, ಅಗ್ಗದ ಬೆಲೆಗೆ ಮಾರುತ್ತಾರೆ. ಕೊಂಡವನು ಮನೆಗೆ ಕರೆತಂದು, ಇವನನ್ನು ಚೆನ್ನಾಗಿ ನೋಡಿಕೋ, ಮುಂದೆ ಮಗನಾಗಿಯೂ ಇಟ್ಟುಕೊಳ್ಳಬಹುದು ಎಂದು ಹೆಂಡತಿಗೆ ಹೇಳುತ್ತಾನೆ. ಅಂದರೆ ಯೂಸುಫ್(ಅ) ಆ ಮನೆಗೆ ಬಂದದ್ದು ಅತಿಥಿಯಾಗಿ ಅಲ್ಲ, ಕೊಂಡ ಆಳಾಗಿ. ಆತನಿಗೆ ಪ್ರಾಯ ಬಂದ ಮೇಲೆ ಮನೆಯೊಡತಿ ಬಾಗಿಲುಗಳನ್ನು ಮುಚ್ಚಿ ಕರೆಯುತ್ತಾಳೆ. ಆತ ಬಾಗಿಲ ಕಡೆಗೆ ಓಡುತ್ತಾನೆ, ಆಕೆ ಹಿಂದಿನಿಂದ ಅಂಗಿ ಹಿಡಿದೆಳೆಯುತ್ತಾಳೆ, ಅಂಗಿ ಹರಿಯುತ್ತದೆ. ಬಾಗಿಲಲ್ಲಿ ಗಂಡ ನಿಂತಿರುತ್ತಾನೆ. ಆಗ ಆಕೆಯ ಮನೆಯವರಲ್ಲೇ ಒಬ್ಬ ಸಾಕ್ಷಿ ನ್ಯಾಯದ ದಾರಿ ತೋರಿಸುತ್ತಾನೆ: ಅಂಗಿ ಮುಂದೆ ಹರಿದಿದ್ದರೆ ಆಕೆಯದು ಸತ್ಯ, ಹಿಂದೆ ಹರಿದಿದ್ದರೆ ಆತನದು ಸತ್ಯ. ಅಂಗಿ ಹಿಂದೆ ಹರಿದಿತ್ತು. ಕಥೆಗಾರರಾದ ನಮಗೆ ಈ ಜಾಗದಲ್ಲಿ ಯಾವಾಗಲೂ ಹೊಟ್ಟೆಕಿಚ್ಚು. ಮಾತಿಗೆ ಮಾತು ಎದುರಾದಾಗ ಒಂದು ಬಟ್ಟೆಯ ಹರಕು ತೀರ್ಪು ಕೊಡುತ್ತದೆ. ಮೇಲಾಗಿ ಈ ಸೂರಃದಲ್ಲಿ ಅಂಗಿ ಬರುವುದು ಮೂರು ಸಲ. ಅಣ್ಣಂದಿರು ಸುಳ್ಳು ರಕ್ತ ಬಳಿದು ತಂದದ್ದು ಮೊದಲನೆಯದು, ಹರಿದದ್ದು ಎರಡನೆಯದು, ಮುದಿ ತಂದೆಯ ಕುರುಡುಗಣ್ಣಿಗೆ ಬೆಳಕು ತಂದದ್ದು ಕಡೆಯದು.

ಅಂಗಿಯನ್ನು ನೋಡಿದ ಮೇಲೆ, ನಿಮ್ಮ ಹೆಂಗಸರ ಕುಟಿಲ ಬಹಳ ದೊಡ್ಡದು ಎಂಬ ಅರ್ಥದ ಮಾತು ಬರುತ್ತದೆ. ಅದನ್ನು ಆಡುವವನು ಕಥೆಯೊಳಗಿನ ಒಬ್ಬ ಮನುಷ್ಯ. ಗಂಡನೇ ಆಡಿದ್ದೆಂದು ವ್ಯಾಖ್ಯಾನಕಾರರಲ್ಲಿ ಹೆಚ್ಚಿನವರ ಅಭಿಪ್ರಾಯ. ಸಿಟ್ಟಿನಲ್ಲಿರುವ, ಮರ್ಯಾದೆಗೆ ಅಂಜಿದ ಒಬ್ಬ ದೊಡ್ಡ ಅಧಿಕಾರಿಯ ಮಾತು ಅದು. ಆದರೆ ನೂರಾರು ವರ್ಷ ಜನ ಅದನ್ನು ದೇವರೇ ಹೆಣ್ಣುಕುಲದ ಮೇಲೆ ಹೊರಡಿಸಿದ ಫರ್ಮಾನು ಎಂಬಂತೆ ಬಳಸಿದರು. ಫಾರಸಿಯಲ್ಲಿ, ಉರ್ದುವಿನಲ್ಲಿ ಹೆಣ್ಣಿನ ಮೋಸದ ಕಥೆಗಳದೇ ಒಂದು ರಾಶಿ ಬೆಳೆಯಿತು.

ಮುಂದಿನ ದೃಶ್ಯದಲ್ಲಿ ಆ ಕುಟಿಲದ ಒಳಗುಟ್ಟು ಇದೆ. ಪಟ್ಟಣದ ಹೆಂಗಸರು ಆಡಿಕೊಂಡಾಗ ಆಕೆ ಅವರನ್ನು ಔತಣಕ್ಕೆ ಕರೆದು, ಒಬ್ಬೊಬ್ಬರ ಕೈಗೂ ಚಾಕು ಕೊಟ್ಟು, ಯೂಸುಫರನ್ನು ಎದುರಿಗೆ ಬರಿಸುತ್ತಾಳೆ. ಅವರೆಲ್ಲ ಕೈ ಕೊಯ್ದುಕೊಂಡ ಮೇಲೆ, ತಾನು ಹೇಳಿದಂತೆ ಈತ ಕೇಳದಿದ್ದರೆ ಸೆರೆಮನೆ ಗ್ಯಾರಂಟಿ ಎಂದು ಎಲ್ಲರೆದುರಿಗೆ ಹೇಳುತ್ತಾಳೆ. ಸೆರೆಮನೆಯೇ ಮೇಲೆಂದು ಯೂಸುಫ್(ಅ) ಪ್ರಾರ್ಥಿಸುತ್ತಾರೆ. ನಿರಪರಾಧಿ ಎಂದು ತಿಳಿದ ಮೇಲೂ ಅವರನ್ನು ಸೆರೆಗೆ ಹಾಕುತ್ತಾರೆ.

ಹಾಗಾದರೆ ಆಕೆಗೆ ಇದ್ದ ಬಲ ಯಾವುದು? ಚೆಲುವಿನ ಬಲವಲ್ಲ, ಅದು ಸೋತುಹೋಗಿತ್ತು. ಆಸೆಯ ಬಲವೂ ಅಲ್ಲ, ಅದು ಆಕೆಯನ್ನು ಬೀದಿಯ ಮಾತಿಗೆ ಗುರಿಮಾಡಿತ್ತು. ಬಾಗಿಲು ಹಾಕುವ, ಎದುರಿಗೆ ಬಾ ಎಂದು ಅಪ್ಪಣೆ ಮಾಡುವ, ಸೆರೆಮನೆಗೆ ತಳ್ಳಿಸುವ ಬಲ ಒಡತಿಯ ಬಲ. ದುಡ್ಡು ಕೊಟ್ಟು ಮನುಷ್ಯನನ್ನು ಕೊಂಡ ಮನೆಯ ಬಲ. ಅದು ಗಂಡನ ಪದವಿಯಿಂದ ಬಂದದ್ದು. ಅದೇ ಮನೆಯ ಯಜಮಾನ ಕೊಂಡ ದಾಸಿಯೊಬ್ಬಳ ಮುಂದೆ ಬಾಗಿಲು ಹಾಕಿಕೊಂಡಿದ್ದರೆ ಆ ಕಾಲದಲ್ಲಿ ಅದು ಕಥೆಯೇ ಆಗುತ್ತಿರಲಿಲ್ಲ, ಯಾವ ಸಾಕ್ಷಿಯೂ ಅಂಗಿ ನೋಡುತ್ತಿರಲಿಲ್ಲ. ಹೆಣ್ಣಿನ ಕಾಮ ಗಂಡಸನ್ನು ಆಳುತ್ತದೆ ಎಂದು ಸಾಹಿತ್ಯ ಹೇಳುತ್ತಾ ಬಂದ ಕಡೆಯಲ್ಲೆಲ್ಲ ಒಮ್ಮೆ ಈ ಪ್ರಶ್ನೆ ಕೇಳಿನೋಡಬೇಕು: ಬಾಗಿಲಿನ ಬೀಗದ ಕೈ ಯಾರ ಹತ್ತಿರ ಇತ್ತು?

ಕವಿಗಳು ಈ ಹೆಂಗಸನ್ನು ಅಷ್ಟಕ್ಕೇ ಬಿಡಲಿಲ್ಲ. ಹೆರಾತ್‌ನ ಮೌಲಾನಾ ಜಾಮಿ 1483ರಲ್ಲಿ ಮುಗಿಸಿದ 'ಯೂಸುಫ್ ಒ ಜುಲೇಖಾ'ದಲ್ಲಿ ಆಕೆಯೇ ಕಥೆಯ ಜೀವ. ಕನಸಿನಲ್ಲಿ ಕಂಡ ಚೆಲುವನನ್ನು ಹುಡುಕಿಕೊಂಡು ಮಿಸ್ರ್‌ಗೆ ಬಂದು, ಅವನೇ ಎಂದು ತಪ್ಪು ತಿಳಿದು ಅಝೀಝನನ್ನು ಮದುವೆಯಾಗುತ್ತಾಳೆ. ಬಾಗಿಲ ಮೇಲೆ ಬಾಗಿಲು ಇರುವ ಏಳು ಕೋಣೆಗಳ ಅರಮನೆ ಕಟ್ಟಿಸುತ್ತಾಳೆ. ಆ ಅರಮನೆಯನ್ನು ಚಿತ್ರಕಾರ ಬಿಹ್ಝಾದ್ 1488ರಲ್ಲಿ ಸಾದಿಯ 'ಬೂಸ್ತಾನ್'ನ ಹಸ್ತಪ್ರತಿಯೊಂದಕ್ಕೆ ಬರೆದ. ಆ ಪ್ರತಿ ಕೈರೋದಲ್ಲಿದೆ. ಅದರ ಅಚ್ಚನ್ನು ನಾವು ಗಂಟೆಗಟ್ಟಲೆ ನೋಡಿದ್ದೇವೆ. ಮೆಟ್ಟಿಲು, ಬಾಗಿಲು, ಮತ್ತೆ ಮೆಟ್ಟಿಲು, ಮತ್ತೆ ಬಾಗಿಲು, ಎಲ್ಲವೂ ಮುಚ್ಚಿವೆ. ಮೇಲಿನ ಮೂಲೆಯಲ್ಲಿ ಇಬ್ಬರು ಪುಟ್ಟ ಮನುಷ್ಯರು, ಓಡುವವರು ಮತ್ತು ಹಿಡಿಯುವವಳು. ಅಷ್ಟು ದೊಡ್ಡ ಕಟ್ಟಡದಲ್ಲಿ ಆಕೆಯೂ ಸೆರೆಯಾಳಿನ ಹಾಗೆ ಕಾಣುತ್ತಾಳೆ.

ಜಾಮಿಯ ಕಾವ್ಯದಲ್ಲಿ ಮುಂದೆ ಜುಲೇಖಾ ವಿಧವೆಯಾಗಿ, ಬಡವಿಯಾಗಿ, ಮುದುಕಿಯಾಗಿ, ಕುರುಡಿಯಾಗುತ್ತಾಳೆ. ಒಡತಿತನದ ಒಂದೊಂದು ಚೂರನ್ನೂ ಕಳಚಿಹಾಕಿದ ಮೇಲೆಯೇ ಆಕೆಗೆ ಈಮಾನೂ ಯೌವನವೂ ಸಿಗುತ್ತವೆ, ಯೂಸುಫರ ಜೊತೆ ಮದುವೆಯೂ ಆಗುತ್ತದೆ. ಇದು ಸೂಫಿ ದಾರಿಯ ಕಥೆ, ಆತ್ಮದ ಹಂಬಲ ಎಂದು ತಿಳಿದವರು ಅರ್ಥ ಹೇಳುತ್ತಾರೆ, ಒಪ್ಪೋಣ. ಆದರೆ ಮದುವೆಯ ನಂತರದ ಒಂದು ದೃಶ್ಯ ಅರ್ಥ ಹೇಳುವವರ ಕೈಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಆಕೆಯ ಮನಸ್ಸು ಈಗ ಇಬಾದತ್ತಿನ ಕಡೆ. ಒಮ್ಮೆ ಯೂಸುಫರಿಂದ ತಪ್ಪಿಸಿಕೊಂಡು ಓಡುತ್ತಾಳೆ, ಅವರು ಹಿಂದಿನಿಂದ ಹಿಡಿದಾಗ ಆಕೆಯ ಅಂಗಿ ಹರಿಯುತ್ತದೆ. ನಿಮ್ಮದನ್ನು ಒಮ್ಮೆ ನಾನು ಹರಿದಿದ್ದೆ, ಈಗ ನೀವು ನನ್ನದನ್ನು ಹರಿದಿರಿ, ಸರಿಸಮವಾಯಿತು ಎಂಬ ಅರ್ಥದಲ್ಲಿ ಮಾತಾಡುತ್ತಾಳೆ. ಈ ಜಾಗದಲ್ಲಿ ಆಳೂ ಇಲ್ಲ, ಒಡತಿಯೂ ಇಲ್ಲ. ನಮ್ಮ ದಾದಿ ಇಲ್ಲಿಗೆ ಬಂದಾಗ ದನಿ ತಗ್ಗಿಸಿ 'ಹಿಸಾಬ್ ಬರಾಬರ್' ಎಂದು ನಗುತ್ತಿದ್ದರು.

ಜುಲೇಖಾಳ ಕಥೆಗೆ ಗಡಿಗಳಿರಲಿಲ್ಲ. ಕಾಶ್ಮೀರದ ಪಂಡಿತ ಶ್ರೀವರ ಜಾಮಿಯ ಕಾವ್ಯವನ್ನು 1505ರಲ್ಲಿ 'ಕಥಾಕೌತುಕ' ಎಂಬ ಹೆಸರಿನಲ್ಲಿ ಸಂಸ್ಕೃತಕ್ಕೆ ತಂದ, ಅಲ್ಲಿ ಭಕ್ತಿ ಶಿವನ ಕಡೆ ತಿರುಗಿತು. ನಮ್ಮ ದಖ್ಖನಿನಲ್ಲಿ ಗೋಲ್ಕೊಂಡದ ಅಹ್ಮದ್ ಗುಜರಾತಿ ಇದನ್ನು ದಖ್ಖನಿ ಮಾತಿನಲ್ಲಿ ಬರೆದ. ಬಿಜಾಪುರದಲ್ಲಿ ಹಾಶ್ಮಿ ಬರೆದ.

ಹಾಶ್ಮಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಎರಡನೇ ಅಲಿ ಆದಿಲ್ ಶಾಹನ ಕಾಲದಲ್ಲಿ ಹೆಸರು ಮಾಡಿದ ಈ ಕವಿ ಕುರುಡ. 1686ರಲ್ಲಿ ಬಿಜಾಪುರ ಔರಂಗಜೇಬನ ಕೈಸೇರಿತು. ಹಾಶ್ಮಿಯ 'ಯೂಸುಫ್ ಜುಲೇಖಾ' ಮುಗಿದದ್ದು 1687ರ ಸುಮಾರಿಗೆ. ಸಿಂಹಾಸನ ಹೋಗಿದೆ, ದರ್ಬಾರು ಇಲ್ಲ, ಕಣ್ಣಿಲ್ಲದ ಕವಿ ಕಣ್ಣಿಗೆ ಬಿದ್ದ ಚೆಲುವಿನ ಕಥೆ ಹೇಳುತ್ತಿದ್ದಾನೆ. ಆತ ಹೆಣ್ಣಿನ ಬಾಯಲ್ಲಿ ಗಜಲ್‌ಗಳನ್ನೂ ಬರೆದ. ಜನಾನಾದ ಮಾತು, ಒಡವೆ, ಮುನಿಸು, ನೆರೆಯವರ ಕಾಟ, ಪ್ರಿಯನನ್ನು ಕರೆಯುವ ಧೈರ್ಯ, ಎಲ್ಲ ಅದರಲ್ಲಿದೆ. ದಖ್ಖನಿ ಕಾವ್ಯದಲ್ಲಿ ಪ್ರೇಮದ ಮಾತಾಡುವವಳು ಹೆಣ್ಣೇ. ಅದು ಈ ನೆಲದ ರೂಢಿ, ಭಕ್ತಿ ಪದಗಳಿಂದ ಬಂದದ್ದು. ಇದೇ ಬಗೆ ಲಖನೌದಲ್ಲಿ 'ರೇಖ್ತಿ' ಎಂಬ ಹೆಸರು ಪಡೆಯಿತು, ಅದನ್ನು ಹುಟ್ಟಿಸಿದವನು ತಾನೇ ಎಂದು ಸಆದತ್ ಯಾರ್ ಖಾನ್ ರಂಗೀನ್ ಹೇಳಿಕೊಂಡ. ಬಿಜಾಪುರದ ಕುರುಡನನ್ನು ಆತ ಕೇಳಿರಲಿಲ್ಲವೋ, ಕೇಳಿಯೂ ಸುಮ್ಮನಿದ್ದನೋ! ಮುಂದೆ ಜಾನ್ ಸಾಹಿಬ್ ಎಂಬ ಕವಿ ಹೆಣ್ಣುಡುಗೆ ತೊಟ್ಟು ಮುಶಾಇರಾದಲ್ಲಿ ಓದುತ್ತಿದ್ದ, ಸಭೆ ನಗುತ್ತಿತ್ತು. ಹೆಣ್ಣಿನ ಆಸೆಯನ್ನು ಗಂಡಸು ಹೇಳಿದರೆ ನಗು. ಹೆಣ್ಣೇ ಹೇಳಿದಾಗ ಏನಾಯಿತೆಂಬುದಕ್ಕೆ ಆಮೇಲೆ ಬರೋಣ.

ಅದಕ್ಕೆ ಮೊದಲು ಆ ತರಗತಿಯ ಜನ್ನನಿಗೆ ಉತ್ತರ ಹೇಳಬೇಕಾಗಿದೆ. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಈ ಜೈನ ಕವಿ 'ಯಶೋಧರ ಚರಿತೆ'ಯನ್ನು ಮುಗಿಸಿದ್ದು 1209ರಲ್ಲಿ, ಜಾಮಿಗಿಂತ ಸುಮಾರು ಎರಡೂಮುಕ್ಕಾಲು ಶತಮಾನ ಮೊದಲು. ರಾಣಿ ಅಮೃತಮತಿ ರಾತ್ರಿ ಮಾವುತನ ಹಾಡು ಕೇಳಿ ಮನಸೋಲುತ್ತಾಳೆ. ನೋಡಿಬಂದ ದೂತಿ ಅವನ ಕುರೂಪಕ್ಕೆ ಹೇಸಿದರೂ ರಾಣಿ ಬಿಡುವುದಿಲ್ಲ. ಒಂದು ರಾತ್ರಿ ತಡವಾಗಿ ಹೋದದ್ದಕ್ಕೆ ಆ ಮಾವುತ ಅವಳನ್ನು ಹಿಡಿದು ಬಡಿಯುತ್ತಾನೆ, ಅವಳು ಕಾಲಿಗೆ ಬೀಳುತ್ತಾಳೆ. ಹಿಂದೆಯೇ ಬಂದ ರಾಜ ಕತ್ತಿ ಎತ್ತಿ, ಮತ್ತೆ ಇಳಿಸಿ, ಮರೆಯಲ್ಲಿ ನಿಂತು ಎಲ್ಲವನ್ನೂ ಕಾಣುತ್ತಾನೆ. ನಮ್ಮ ತರಗತಿಯಲ್ಲಿ ಹಾರಿಸಿದ ಪುಟ ಇದೇ. ಗಂಡಸರನ್ನು ಆಳುವ ಹೆಣ್ಣು ಎಂದು ನಾವು ಬರೆದುಕೊಂಡವಳು ಇಲ್ಲಿ ಆನೆ ಲಾಯದಲ್ಲಿ ಏಟು ತಿನ್ನುತ್ತಿದ್ದಾಳೆ. ಆಸೆ ಅವಳಿಗೆ ಅಧಿಕಾರ ಕೊಡಲಿಲ್ಲ, ಇದ್ದದ್ದನ್ನೂ ಕಿತ್ತುಕೊಂಡಿತು. ಕಡೆಗೆ ಅವಳು ಗಂಡನನ್ನೂ ಅತ್ತೆಯನ್ನೂ ಕೊಲ್ಲುವುದು ಮೋಹದಿಂದಲ್ಲ, ಉಣಬಡಿಸಿದ ವಿಷದಿಂದ. ಅರಮನೆಯ ಅಡುಗೆ ಅವಳ ಕೈಯಲ್ಲಿತ್ತು. ಗಿರೀಶ ಕಾರ್ನಾಡರು 1980ರಲ್ಲಿ 'ಹಿಟ್ಟಿನ ಹುಂಜ' ಬರೆದಾಗ ಈ ರಾಣಿಗೆ ತನ್ನ ಮಾತು ಆಡುವ ಅವಕಾಶ ಸಿಕ್ಕಿತು. ಅಷ್ಟು ಹೊತ್ತಿಗೆ ಏಳು ನೂರು ವರ್ಷ ದಾಟಿತ್ತು.

ಇನ್ನು ಹೆಣ್ಣೇ ಹೇಳಿದ್ದು. ಇಸ್ಮತ್ ಚುಗ್ತಾಯಿಯವರ 'ಲಿಹಾಫ್' 1942ರಲ್ಲಿ ಪ್ರಕಟವಾಯಿತು, ಅಶ್ಲೀಲವೆಂದು ಲಾಹೋರಿನ ಕೋರ್ಟಿನಲ್ಲಿ ಕೇಸಾಯಿತು. ಕಥೆಯಲ್ಲಿ ಆಕ್ಷೇಪಾರ್ಹ ಶಬ್ದ ತೋರಿಸಲು ಎದುರಿನ ಸಾಕ್ಷಿಗಳು ತಡಕಾಡಿದರು, ಕೇಸು ಬಿದ್ದುಹೋಯಿತು. ಅಲ್ಲಿಯ ಬೇಗಂ ಜಾನ್‌ಗೆ ನವಾಬ ಗಂಡನ ಮೇಲೆ ಎಳ್ಳಷ್ಟೂ ಹಿಡಿತವಿಲ್ಲ. ಆತ ಮದುವೆಯಾಗಿ ತಂದು, ಮನೆಯ ಸಾಮಾನುಗಳ ನಡುವೆ ಇಟ್ಟು ಮರೆತಿದ್ದಾನೆ. ಅವಳ ಕೈ ನಡೆಯುವುದು ತನಗಿಂತ ಕೆಳಗಿರುವವರ ಮೇಲೆ ಮಾತ್ರ. ಒಬ್ಬಳು ಕೆಲಸದವಳು ರಬ್ಬು, ಇನ್ನೊಬ್ಬಳು ಕಥೆ ಹೇಳುವ ಪುಟ್ಟ ಹುಡುಗಿ. ಆ ಹುಡುಗಿಯ ಹೆದರಿಕೆಯನ್ನು ಇಸ್ಮತ್ ಮರೆಮಾಚಲಿಲ್ಲ. ಬಯಕೆಯನ್ನೂ ಒಡೆತನವನ್ನೂ ಬೇರೆ ಬೇರೆ ಮಾಡಿ ತೋರಿಸಲು ಇಷ್ಟು ಧೈರ್ಯ ಜಾಮಿಗೂ ಇರಲಿಲ್ಲ. ಮುಂದೆ 1973ರಲ್ಲಿ ಪಾಕಿಸ್ತಾನದ ಫಹ್ಮೀದಾ ರಿಯಾಝ್ ತಮ್ಮ ಕವಿತೆಗಳ ಪುಸ್ತಕಕ್ಕೆ 'ಬದನ್ ದರೀದಾ' ಎಂದು ಹೆಸರಿಟ್ಟರು. ದರೀದಾ ಎಂದರೆ ಹರಿದದ್ದು. ಇಲ್ಲಿ ಹರಿದಿರುವುದು ಅಂಗಿಯಲ್ಲ, ಮೈ. ನಾಚಿಕೆಗೆಟ್ಟವಳೆಂಬ ಬೈಗುಳ ಆಕೆಗೆ ಧಾರಾಳವಾಗಿ ಸಿಕ್ಕಿತು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮದೂ ಒಂದು ಬಾಕಿ ಇದೆ. ಬರೆಯಲು ಶುರುಮಾಡಿದ ದಿನಗಳಲ್ಲಿ ನಾವೊಂದು ಕಥೆ ಬರೆದಿದ್ದೆವು. ಬಟ್ಟೆ ಅಂಗಡಿಯ ಸಾಹುಕಾರನನ್ನು ಅಲ್ಲಿ ಕೆಲಸಕ್ಕಿದ್ದ ವಿಧವೆಯೊಬ್ಬಳು ಬಲೆಗೆ ಹಾಕಿಕೊಂಡು ಅವನ ಸಂಸಾರ ಕೆಡಿಸುವ ಕಥೆ. ಮೆಚ್ಚಿ ಬರೆದವರು ಹಲವರು, ಎಲ್ಲರೂ ಗಂಡಸರು. ಹೆಸರು ಹಾಕದ ಒಂದು ಕಾರ್ಡು ಮಾತ್ರ ಬೇರೆ ಥರ ಇತ್ತು. ಹೆಣ್ಣಿನ ಅಕ್ಷರ, ಎರಡೇ ಸಾಲು: ಅಂಗಡಿ ಯಾರದು? ಬೆಳಿಗ್ಗೆ ಅದರ ಬಾಗಿಲು ತೆಗೆಯುತ್ತಿದ್ದವರು ಯಾರು?

ಮುಂದೆ ಕಥಾಸಂಕಲನ ಬಂದಾಗ ಆ ಕಥೆಯನ್ನು ಸೇರಿಸಲಿಲ್ಲ. ಕಾರ್ಡು ದಾದಿಯ ಹಳೆಯ ಕುರ್‌ಆನ್ ಇದ್ದ ಕಪಾಟಿನಲ್ಲೇ ಇದೆ.