ಎಣ್ಣೆಗೆ ಬಿಟ್ಟ ಜಾಗ

ಪಿಸ್ಟನ್ನಿನ ಮೇಲುಕೆಳಗಿನ ಓಡಾಟವನ್ನು ತಿರುಗುವ ಚಲನೆಯಾಗಿ ಮಾರ್ಪಡಿಸುವ ಕ್ರ್ಯಾಂಕ್‌ಶಾಫ್ಟ್, ಎಂಜಿನ್ ಸರಿಯಾಗಿ ಓಡುತ್ತಿರುವಾಗ, ತನ್ನನ್ನು ಹೊತ್ತಿರುವ ಬೇರಿಂಗಿನ ಲೋಹವನ್ನು ಮುಟ್ಟುವುದೇ ಇಲ್ಲ. ಅವೆರಡರ ನಡುವೆ ಹರಡಿಕೊಂಡ ತೆಳುವಾದ ಎಣ್ಣೆಯ ಪದರವೇ ಭಾರವನ್ನೆಲ್ಲ ಹೊರುತ್ತದೆ. ಈ ಸಂಗತಿ ಪ್ರಯೋಗದಲ್ಲಿ ಕಣ್ಣಿಗೆ ಬಿದ್ದದ್ದು ರೈಲುಗಾಡಿಯ ಅಚ್ಚಿನ ಬೇರಿಂಗಿನಲ್ಲಿ. ಇಂಗ್ಲೆಂಡಿನಲ್ಲಿ ಘರ್ಷಣೆಯನ್ನು ಅಳೆಯುತ್ತಿದ್ದ ಬೀಚಮ್ ಟವರ್, ಬೇರಿಂಗಿನ ನೆತ್ತಿಯಲ್ಲಿ ಎಣ್ಣೆ ಹಾಕಲೆಂದು ಕೊರೆದ ತೂತಿನಿಂದ ಎಣ್ಣೆಯೇ ಉಕ್ಕಿ ಬರುವುದನ್ನೂ, ಬಡಿದು ಕೂರಿಸಿದ ಮರದ ಬಿರಡೆಯನ್ನು ಅದು ಹೊರಕ್ಕೆ ತಳ್ಳುವುದನ್ನೂ ಕಂಡು, ಅದೇ ತೂತಿಗೆ ಒತ್ತಡಮಾಪಕವನ್ನು ಜೋಡಿಸಿದನು. ಬೇರಿಂಗಿನ ಮೇಲಿನ ಸರಾಸರಿ ಭಾರ ಚದರ ಅಂಗುಲಕ್ಕೆ 100 ಪೌಂಡು ಮಾತ್ರ ಇದ್ದಾಗ ಮಾಪಕದ ಮುಳ್ಳು 200 ಪೌಂಡನ್ನು ದಾಟಿತು. 1883ರಲ್ಲಿ ಅವನ ವರದಿ ಬಂದ ಮೇಲೆ, 1886ರಲ್ಲಿ ಆಸ್ಬಾರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ವಿವರಣೆ ಕೊಟ್ಟನು: ಅಚ್ಚು ನಡುಮಧ್ಯದಿಂದ ತುಸು ಪಕ್ಕಕ್ಕೆ ಸರಿದು ತಿರುಗುವುದರಿಂದ, ಎಣ್ಣೆಯು ಕಿರಿದಾಗುತ್ತ ಹೋಗುವ ಸಂದಿಗೆ ಎಳೆಯಲ್ಪಟ್ಟು ಒತ್ತಡ ಪಡೆಯುತ್ತದೆ. ಹೀಗೆ, ಅಚ್ಚಿಗೂ ಬೇರಿಂಗಿಗೂ ನಡುವೆ ಬಿಡುವ ಕ್ಲಿಯರೆನ್ಸ್, ಅಂದರೆ ಸಂದಿನ ಅಳತೆ, ತಯಾರಿಕೆಯ ಕೊರತೆಯಿಂದ ಉಳಿದುಹೋದ ಸಡಿಲವಲ್ಲವೆಂದೂ ಯಂತ್ರದ ಒಂದು ಅಂಗವೇ ಎಂದೂ ತಿಳಿಯಿತು.

ಎಣ್ಣೆಯ ಪದರ ಹರಿದುಹೋಗುವ ಗಳಿಗೆಗಳೂ ಇವೆ. ಎಂಜಿನ್ನನ್ನು ಚಾಲೂ ಮಾಡುವಾಗಲೂ ನಿಲ್ಲಿಸುವಾಗಲೂ ಲೋಹ ಲೋಹವನ್ನು ಸವರುತ್ತದೆ. ಅದಕ್ಕೆಂದು ಒದಗಿಬಂದದ್ದು ಅಮೆರಿಕದ ಐಸಾಕ್ ಬ್ಯಾಬಿಟ್ 1839ರಲ್ಲಿ ಪೇಟೆಂಟ್ ಪಡೆದ ಬೇರಿಂಗಿನಿಂದ ಹೆಸರಾದ, ವರ್ಕ್‌ಶಾಪುಗಳಲ್ಲಿ ವೈಟ್ ಮೆಟಲ್ ಎಂದು ಕರೆಯುವ ಮಿಶ್ರಲೋಹ. ಬಹುಪಾಲು ತವರ, ಜೊತೆಗೆ ಆಂಟಿಮನಿ ಮತ್ತು ತಾಮ್ರ ಸೇರಿದ ಈ ಮೆದು ಲೋಹ, ಎಣ್ಣೆಯಲ್ಲಿ ಬಂದ ಕಸದ ಕಣವನ್ನು ತನ್ನೊಳಗೆ ಹುದುಗಿಸಿಕೊಂಡು ಬೆಲೆಬಾಳುವ ಕ್ರ್ಯಾಂಕನ್ನು ಗೀರಿನಿಂದ ಉಳಿಸುತ್ತದೆ.

1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಈ ಲೋಹವನ್ನು ಕರಗಿಸಿ ನೇರವಾಗಿ ಬ್ಲಾಕಿಗೂ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿಗೂ ಎರಕ ಹೊಯ್ಯುತ್ತಿದ್ದರು. ಅಂಥ ಎಂಜಿನ್ನನ್ನು ಕೊಟ್ಟಿಗೆಯಲ್ಲೋ ಮನೆಯ ಹಿತ್ತಲಲ್ಲೋ ಬಿಚ್ಚಿದವನಿಗೆ ಬೇರಿಂಗಿನ ಆಯ್ಕೆ ಎಂಬುದು ಹೆಚ್ಚೇನೂ ಇರಲಿಲ್ಲ, ಕೈಕೆಲಸ ಮಾತ್ರ ಬೇಕಾದಷ್ಟಿತ್ತು. ಕ್ರ್ಯಾಂಕಿನ ಜರ್ನಲ್ಲಿಗೆ, ಅಂದರೆ ಬೇರಿಂಗಿನೊಳಗೆ ತಿರುಗುವ ನುಣುಪಾದ ಭಾಗಕ್ಕೆ, ನೀಲಿ ಬಣ್ಣವನ್ನು ತೆಳುವಾಗಿ ಸವರಿ, ಬೇರಿಂಗಿನ ಬಿಚ್ಚಬಹುದಾದ ಅರ್ಧವಾದ ಕ್ಯಾಪನ್ನು ಬಿಗಿದು ತಿರುಗಿಸಿ, ಮತ್ತೆ ಬಿಚ್ಚಿ, ಬಣ್ಣ ಹತ್ತಿದ ಉಬ್ಬುಗಳನ್ನು ಸ್ಕ್ರೇಪರಿನಿಂದ ಹೆರೆದು, ಬಣ್ಣ ಎಲ್ಲೆಡೆ ಸಮನಾಗಿ ಹತ್ತುವವರೆಗೆ ಇದನ್ನೇ ಮುಂದುವರಿಸಬೇಕಾಗಿತ್ತು. ಸವೆದು ಸಡಿಲವಾದ ಬೇರಿಂಗನ್ನು ಕ್ಯಾಪಿನ ಅಂಚನ್ನು ಅರದಿಂದ ಉಜ್ಜಿಯೋ, ನಡುವೆ ಇಟ್ಟ ತೆಳು ಲೋಹದ ಹಾಳೆಯಾದ ಶಿಮ್ಮನ್ನು ತೆಗೆದೋ ಬಿಗಿಗೊಳಿಸುತ್ತಿದ್ದರು. ಕ್ರ್ಯಾಂಕನ್ನು ಕೈಯಿಂದ ತಿರುಗಿಸಿದಾಗ ಸಿಗುವ ತಡೆಯೇ ಅಲ್ಲಿ ಅಳತೆಗೋಲು. ಮೈಕ್ರೋಮೀಟರ್ ಇಲ್ಲದ ಆ ಕೈಗಳು ಅಂಗುಲದ ಸಾವಿರದ ಒಂದು ಭಾಗವನ್ನು, ವರ್ಕ್‌ಶಾಪಿನ ಮಾತಿನಲ್ಲಿ ಒಂದು ಥೌವನ್ನು, ಗುರುತಿಸಬಲ್ಲವಾಗಿದ್ದವು ಎಂಬುದು ಯಂತ್ರಗಳ ಚರಿತ್ರೆಯಲ್ಲಿ ಸಲ್ಲಬೇಕಾದಷ್ಟು ಗೌರವ ಪಡೆದಿಲ್ಲ.

ಎರಕದ ಬೇರಿಂಗಿನ ದೌರ್ಬಲ್ಯ ಅದರ ದಪ್ಪದಲ್ಲಿಯೇ ಇತ್ತು. ವೈಟ್ ಮೆಟಲ್ಲಿನ ಪದರ ದಪ್ಪವಾದಷ್ಟೂ ಮರುಮರಳಿ ಬೀಳುವ ಹೊಡೆತಕ್ಕೆ ಬೇಗ ಬಿರುಕು ಬಿಡುತ್ತದೆ, ತೆಳುವಾದಷ್ಟೂ ಹೆಚ್ಚು ತಾಳುತ್ತದೆ. ಎಂಜಿನ್ನುಗಳ ವೇಗವೂ ಶಕ್ತಿಯೂ ಏರಿದಂತೆ, 1930ರ ದಶಕದಲ್ಲಿ ಉಕ್ಕಿನ ಬೆನ್ನಿನ ಮೇಲೆ ತೆಳು ಪದರ ಕೂರಿಸಿದ, ಬಿಚ್ಚಿ ಬದಲಿಸಬಹುದಾದ ಅರ್ಧವೃತ್ತದ ಶೆಲ್ಲುಗಳು ಹರಡಿದವು. ಬದಲಾವಣೆ ಒಮ್ಮೆಲೇ ಆಗಲಿಲ್ಲ, ಷೆವರ್ಲೆಯ ಆರು ಸಿಲಿಂಡರಿನ ಎಂಜಿನ್ನುಗಳಲ್ಲಿ ಎರಕದ ರಾಡ್ ಬೇರಿಂಗುಗಳು 1953ರವರೆಗೂ ಉಳಿದಿದ್ದವು. ಶೆಲ್ಲನ್ನು ಹೆರೆಯುವಂತಿಲ್ಲ, ಅದರ ಕೆಳಗೆ ಶಿಮ್ ಇಡುವಂತಿಲ್ಲ. ಆದ್ದರಿಂದ ಕೆಲಸವೆಲ್ಲ ಅಳತೆಯ ಕಡೆಗೆ ಸರಿಯಿತು. ಸವೆದ ಜರ್ನಲ್ಲನ್ನು 10, 20 ಅಥವಾ 30 ಥೌ ಅರೆದು, ಒಳವ್ಯಾಸ ಅಷ್ಟೇ ಕಡಿಮೆಯಾಗುವಂತೆ ದಪ್ಪ ಹೆಚ್ಚಿಸಿದ ಅಂಡರ್‌ಸೈಜ್ ಬೇರಿಂಗನ್ನು ಕೊಳ್ಳುವುದು ವಾಡಿಕೆಯಾಯಿತು.

ಎರಡನೆಯ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯಾದ ಯುವಕರು ಹಳೆಯ ಫೋರ್ಡ್ ವಿ8 ಎಂಜಿನ್ನುಗಳನ್ನು ಓಟಕ್ಕೆ ಸಜ್ಜುಗೊಳಿಸುತ್ತಿದ್ದ ಕಾಲಕ್ಕೆ ಮನೆಯ ಗ್ಯಾರೇಜೇ ಒಂದು ಕಾರ್ಯಾಗಾರವಾಗಿತ್ತು. ದುಬಾರಿ ಉಪಕರಣವಿಲ್ಲದವರಿಗೆ ಆಸರೆಯಾಗಿ ಬಂದದ್ದು ಪ್ಲಾಸ್ಟಿಗೇಜ್ ಎಂಬ ಮೇಣದಂಥ ಎಳೆ: ಎಣ್ಣೆ ಒರೆಸಿದ ಜರ್ನಲ್ಲಿನ ಮೇಲೆ ಅದರ ತುಂಡನ್ನಿಟ್ಟು, ಕ್ಯಾಪನ್ನು ನಿಗದಿತ ಟಾರ್ಕಿಗೆ ಬಿಗಿದು, ಕ್ರ್ಯಾಂಕನ್ನು ಅಲುಗಿಸದೆ ಬಿಚ್ಚಿದರೆ, ಜಜ್ಜಿ ಹರಡಿದ ಎಳೆಯ ಅಗಲವೇ ಸಂದಿನ ಅಳತೆಯನ್ನು ಹೇಳುತ್ತದೆ. ಹಸಿರು ಎಳೆ 1ರಿಂದ 3 ಥೌವರೆಗೆ ಅಳೆಯುತ್ತದೆ. ಜರ್ನಲ್ಲಿನ ಒಂದು ಅಂಗುಲ ವ್ಯಾಸಕ್ಕೆ ಒಂದು ಥೌ ಎಂಬ ಹಳೆಯ ಲೆಕ್ಕಕ್ಕೆ ಇದು ಸಾಕಾಗುತ್ತದೆ. ಆದರೆ ಜರ್ನಲ್ ಎಷ್ಟು ಓರೆಯಾಗಿ ಸವೆದಿದೆ, ಎಷ್ಟು ಅಂಡಾಕಾರವಾಗಿದೆ ಎಂಬುದನ್ನು ಎಳೆ ಪೂರ್ತಿಯಾಗಿ ಹೇಳಲಾರದು, ಅದಕ್ಕೆ ಮೈಕ್ರೋಮೀಟರ್ ಮತ್ತು ಬೋರ್ ಗೇಜ್ ಬೇಕೇ ಬೇಕು.

ಸಂದು ಹೆಚ್ಚಾದರೆ ಎಣ್ಣೆ ಪಕ್ಕಗಳಿಂದ ಸೋರಿ ಒತ್ತಡ ಕುಸಿಯುತ್ತದೆ, ಬೇರಿಂಗು ಬಡಿಯತೊಡಗುತ್ತದೆ. ಕಡಿಮೆಯಾದರೆ ಶಾಖವನ್ನು ಹೊತ್ತೊಯ್ಯುವಷ್ಟು ಎಣ್ಣೆ ಹರಿಯದೆ ಲೋಹವೇ ಕರಗಬಹುದು. ಬೇರಿಂಗಿನ ಲೋಹದ ಆಯ್ಕೆಯೂ ಇಂಥದೇ ತೂಗುವಿಕೆ: ತಾಮ್ರ ಮತ್ತು ಸೀಸದ ಪದರದ ಮೇಲೆ ತೆಳು ಲೇಪವಿರುವ ಬೇರಿಂಗು ಹೆಚ್ಚು ಭಾರ ತಾಳುತ್ತದೆ, ಆದರೆ ಕಸವನ್ನು ವೈಟ್ ಮೆಟಲ್ಲಿನಷ್ಟು ಸಹಿಸುವುದಿಲ್ಲ. ಅರ್ಧ ಥೌವಿನ ವ್ಯತ್ಯಾಸವನ್ನು ಸರಿಪಡಿಸಲು ಇಂದಿಗೂ ಕೆಲವು ಎಂಜಿನ್ನುಗಳಲ್ಲಿ ಒಂದೇ ಬೇರಿಂಗಿನ ಒಂದು ಅರ್ಧವನ್ನು ಮೂಲ ಅಳತೆಯ ಶೆಲ್ಲಿನಿಂದಲೂ, ಇನ್ನೊಂದು ಅರ್ಧವನ್ನು 1 ಥೌ ಅಂಡರ್‌ಸೈಜಿನ ಶೆಲ್ಲಿನಿಂದಲೂ ಜೋಡಿಸುವ ಕ್ರಮವಿದೆ. ಅದಕ್ಕಿಂತ ದೊಡ್ಡ ಅಂತರದ ಶೆಲ್ಲುಗಳನ್ನು ಹೀಗೆ ಬೆರೆಸಕೂಡದು.