ಹಿಟ್ಟು ಕಲಸುವ ಯಂತ್ರವೂ ನೋಯುವ ಕೈಯೂ

ಅಡಿಗೆಯ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ನಾಲಗೆಯ ಇತಿಹಾಸವನ್ನೇ ಬರೆದಿದ್ದಾರೆ. ಯಾವ ಸಂಬಾರ ಪದಾರ್ಥ ಯಾವ ದೇಶದಿಂದ ಬಂದಿತು, ಯಾವ ಅರಸನ ಪಂಕ್ತಿಯಲ್ಲಿ ಯಾವ ಭಕ್ಷ್ಯವನ್ನು ಬಡಿಸಿದರು ಎಂಬುದಕ್ಕೆ ಗ್ರಂಥಗಳಿವೆ. ಆ ಭಕ್ಷ್ಯವನ್ನು ಕಲಸಿ, ನಾದಿ, ಕಡೆದು, ತೊಳಸಿದ ತೋಳಿನ ಕಥೆಯನ್ನು ಹೇಳುವವರು ಮಾತ್ರ ವಿರಳ. ರಾಗಿಮುದ್ದೆಯ ಹಿಟ್ಟಿನ ಕೋಲನ್ನು ಒಮ್ಮೆಯಾದರೂ ಹಿಡಿದವರಿಗೆ ಆ ತೋಳಿನ ಶ್ರಮ ಎಂಥದೆಂದು ವಿವರಿಸಬೇಕಾಗಿಲ್ಲ. ಕೇಕು, ಬ್ರೆಡ್ಡುಗಳ ನಾಡಿನಲ್ಲಿಯೂ ಅದೇ ಶ್ರಮವಿತ್ತು. ಅದನ್ನು ಇಳಿಸುವುದಕ್ಕೆ ಅಲ್ಲಿಯವರು ಪಟ್ಟ ಪಾಡು ಸ್ವಾರಸ್ಯವಾದುದು.

ಕನ್ನಡ ಪಾಠ ಹೇಳುವ ನನಗೂ ಈ ವಿಷಯಕ್ಕೂ ಏನು ನಂಟೆಂದು ವಾಚಕರು ಕೇಳಬಹುದು. ನಮ್ಮ ಅಕ್ಕ ಮನೆಯಲ್ಲಿಯೇ ಕೇಕು, ಬನ್ನು, ಬ್ರೆಡ್ಡುಗಳನ್ನು ಮಾಡಿ ನೆರೆಹೊರೆಯವರಿಗೆ ಒದಗಿಸುವವಳು. ಅದು ಅವಳಿಗೆ ಹವ್ಯಾಸವೂ ಹೌದು, ಯಾರ ಮುಂದೆಯೂ ಕೈಚಾಚದೆ ನಾಲ್ಕು ಕಾಸು ಕಾಣುವ ದಾರಿಯೂ ಹೌದು. ಎರಡು ವರ್ಷಗಳಿಂದ ಅವಳ ಬೆರಳ ಗೆಣ್ಣುಗಳೂ ಹೆಬ್ಬೆರಳ ಬುಡವೂ ನೋಯತೊಡಗಿವೆ. ವೈದ್ಯರು ಔಷಧ ಕೊಟ್ಟು, ಕೈಗೆ ಶ್ರಮ ಕೊಡಬೇಡಿ ಎಂದರು. ಅವಳು ನನಗೆ ಹೇಳಿದ್ದಿಷ್ಟು: “ನೀನು ಪುಸ್ತಕ ಓದೋನು ಕಣೋ. ಯಾವ ಮಿಷನ್ ತಗೋಬೇಕು ಅಂತ ನೋಡಿ ಹೇಳು. ಈ ಕೆಲಸವೇ ಬಿಟ್ಟುಬಿಡು ಅಂತ ಮಾತ್ರ ಹೇಳಬೇಡ.” ಅಕ್ಕನ ಆಜ್ಞೆಯಂತೆ ಯಂತ್ರವನ್ನು ಹುಡುಕಹೋದವನು ಇತಿಹಾಸದೊಳಕ್ಕೆ ಇಳಿದೆ.

1747ರಲ್ಲಿ ಇಂಗ್ಲೆಂಡಿನ ಹ್ಯಾನಾ ಗ್ಲಾಸ್ ಎಂಬಾಕೆ ಒಂದು ಪಾಕಗ್ರಂಥವನ್ನು ಪ್ರಕಟಿಸಿದಳು. ಅದರಲ್ಲಿ ಪೌಂಡ್ ಕೇಕಿನ ಮಿಶ್ರಣವನ್ನು ಕೈಯಿಂದಲೋ ದೊಡ್ಡ ಮರದ ಸೌಟಿನಿಂದಲೋ ಒಂದು ಗಂಟೆಯ ಕಾಲ ಬಡಿಯಬೇಕೆಂಬ ವಿಧಿಯಿದೆ. ಒಂದು ಗಂಟೆ! 1796ರಲ್ಲಿ ಅಮೆರಿಕದಲ್ಲಿ ಅಮೀಲಿಯಾ ಸಿಮನ್ಸ್ ಹೇಳಿದ ‘ಚುನಾವಣೆಯ ಕೇಕಿ’ಗೆ 30 ಕ್ವಾರ್ಟು ಹಿಟ್ಟು, 10 ಪೌಂಡು ಬೆಣ್ಣೆ, 14 ಪೌಂಡು ಸಕ್ಕರೆ, 3 ಡಜನ್ ಮೊಟ್ಟೆ ಬೇಕು. ಮತ ಹಾಕುವವರು ಗಂಡಸರು. ಕೇಕನ್ನು ನಾದುವವರು ಯಾರೆಂದು ಕೇಳಬೇಕಾಗಿಲ್ಲ. ಇಷ್ಟು ಬಡಿಯುವುದೇಕೆ? ಅಡಿಗೆ ಪುಡಿ ಬರುವ ಮುನ್ನ, ಯೀಸ್ಟಿಲ್ಲದ ಕೇಕು ಹಗುರವಾಗಿ ಉಬ್ಬಬೇಕಾದರೆ ಮೊಟ್ಟೆಯೊಳಗೂ ಬೆಣ್ಣೆಯೊಳಗೂ ಗಾಳಿಯನ್ನು ತುಂಬಬೇಕಾಗಿತ್ತು. ಆ ಗಾಳಿಗೆ ತೋಳಿನ ಹೊರತು ಬೇರೆ ದಾರಿಯಿರಲಿಲ್ಲ.

ಮೊದಲ ಬಿಡುಗಡೆ ಬಂದುದು ಯಂತ್ರದಿಂದಲ್ಲ, ರಸಾಯನಶಾಸ್ತ್ರದಿಂದ. ಬರ್ಮಿಂಗ್‌ಹ್ಯಾಮಿನ ಔಷಧ ವ್ಯಾಪಾರಿ ಆಲ್ಫ್ರೆಡ್ ಬರ್ಡ್ ಎಂಬವನ ಹೆಂಡತಿಗೆ ಮೊಟ್ಟೆಯೂ ಯೀಸ್ಟೂ ಒಗ್ಗುತ್ತಿರಲಿಲ್ಲ. ಆಕೆಗಾಗಿ ಆತ 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನೂ 1843ರಲ್ಲಿ ಬೇಕಿಂಗ್ ಪೌಡರನ್ನೂ ಸಿದ್ಧಪಡಿಸಿದನು. ಮನೆಯೊಳಗಿನ ಒಬ್ಬರ ದೇಹಕ್ಕೆ ಬಂದ ತೊಡಕು ಲೋಕಕ್ಕೆಲ್ಲ ಉಪಕಾರವಾದುದಕ್ಕೆ ಇದೊಂದು ನಿದರ್ಶನ. ಮುಂದೆಯೂ ಇಂಥವು ಸಿಕ್ಕುತ್ತವೆ.

ಅನಂತರ ಬಂದವು ಹಿಡಿ ತಿರುಗಿಸುವ ಕಡೆಗೋಲುಗಳು. ಅಮೆರಿಕದ ಟರ್ನರ್ ವಿಲಿಯಮ್ಸ್ 1870ರಲ್ಲಿ ಎರಡು ಚಕ್ರಗಳುಳ್ಳ ಮೊಟ್ಟೆ ಕಡೆಯುವ ಸಾಧನಕ್ಕೆ ಪೇಟೆಂಟು ಪಡೆದನು. 1884ರಲ್ಲಿ ವಿಲಿಸ್ ಜಾನ್ಸನ್ ಎಂಬ ನೀಗ್ರೋ ಜನಾಂಗದವನೆಂದು ಅಂದು ಕರೆಯಲ್ಪಡುತ್ತಿದ್ದ ಆಫ್ರಿಕನ್ ಅಮೆರಿಕನ್ ಕುಶಲಿ ಅದನ್ನು ಸುಧಾರಿಸಿದನು. ಮರುವರ್ಷವೇ ರೂಫಸ್ ಈಸ್ಟ್‌ಮನ್ ವಿದ್ಯುತ್ತಿನಿಂದಲೂ ನಡೆಸಬಹುದಾದ ಮಿಕ್ಸರಿಗೆ ಪೇಟೆಂಟು ಪಡೆದನು. ಹಿಡಿ ತಿರುಗಿಸುವ ಸಾಧನದಿಂದ ಹೊತ್ತು ಉಳಿಯಿತು, ನಿಜ. ಆದರೆ ಒಂದು ಕೈ ಅದನ್ನು ಬಿಗಿಯಾಗಿ ಹಿಡಿದಿರಬೇಕು, ಇನ್ನೊಂದು ಕೈ ಪುಟ್ಟ ಹಿಡಿಯನ್ನು ಗರಗರನೆ ತಿರುಗಿಸಬೇಕು. ಗಟ್ಟಿ ತೋಳಿಗೆ ಇದು ಅನುಕೂಲ. ನೋಯುವ ಮಣಿಕಟ್ಟಿಗೆ ಹಿಂದಿನ ಸೌಟೇ ವಾಸಿ.

1908ರಲ್ಲಿ ಒಹಾಯೊ ಪ್ರಾಂತದ ಹೋಬಾರ್ಟ್ ಕಂಪನಿಯ ಇಂಜಿನಿಯರ್ ಹರ್ಬರ್ಟ್ ಜಾನ್‌ಸ್ಟನ್, ಬೇಕರಿಯವನೊಬ್ಬನು ಲೋಹದ ಸೌಟಿನಿಂದ ಹಿಟ್ಟು ಕಲಸುತ್ತ ಬೆವರುವುದನ್ನು ಕಂಡನಂತೆ. ಆ ನೋಟದಿಂದ ಹುಟ್ಟಿದುದು 80 ಕ್ವಾರ್ಟಿನ ಭಾರಿ ಯಂತ್ರ. ಅಮೆರಿಕದ ನೌಕಾಪಡೆ ಅದನ್ನು ತನ್ನ ಹಡಗುಗಳಿಗೆ ತರಿಸಿಕೊಂಡಿತು. ಆ ಯಂತ್ರದ ಗುಟ್ಟು ಅದರ ಚಲನೆಯಲ್ಲಿದೆ. ಕಲಸುವ ಕೋಲು ತನ್ನ ಅಚ್ಚಿನ ಮೇಲೆ ಒಂದು ದಿಕ್ಕಿಗೆ ತಿರುಗುತ್ತ, ಪಾತ್ರೆಯ ಒಳಸುತ್ತನ್ನು ಎದುರು ದಿಕ್ಕಿಗೆ ಸುತ್ತುತ್ತದೆ. ಗ್ರಹಗಳ ಗತಿಯನ್ನು ನೆನಪಿಗೆ ತರುವಂತೆ. ಪಾತ್ರೆ ಅಲುಗದೆ ನಿಂತಿದ್ದರೂ ಯಾವ ಮೂಲೆಯ ಹಿಟ್ಟೂ ತಪ್ಪಿಸಿಕೊಳ್ಳುವುದಿಲ್ಲ.

1919ರಲ್ಲಿ ಇದೇ ಯಂತ್ರ ಕಿಚನ್‌ಏಡ್ ಎಂಬ ಹೆಸರಿನಿಂದ ಮನೆಗಳಿಗೆ ಬಂದಿತು. ಬೆಲೆ 189 ಡಾಲರು 50 ಸೆಂಟು; ತೂಕ 65 ಪೌಂಡು, ಎಂದರೆ ಸುಮಾರು 29 ಕಿಲೋ! ಸೌಟಿನಿಂದ ಪಾರಾದ ಗೃಹಿಣಿ ಯಂತ್ರವನ್ನು ಸರಿಸಲು ಇಬ್ಬರನ್ನು ಕರೆಯಬೇಕಾಯಿತು. 1930ರಲ್ಲಿ ಸ್ವೀಡನ್ನಿನಿಂದ ಬಂದು ಅಮೆರಿಕದಲ್ಲಿ ನೆಲೆಸಿದ್ದ ಇವಾರ್ ಯೆಪ್ಸನ್ ರೂಪಿಸಿದ ಸನ್‌ಬೀಮ್ ಮಿಕ್ಸ್‌ಮಾಸ್ಟರ್ ಬಂದು, ಮಧ್ಯಮ ವರ್ಗದ ಮನೆಗಳಿಗೂ ಯಂತ್ರ ಎಟಕುವಂತಾಯಿತು. 1937ರಲ್ಲಿ ಎಗ್ಮಂಟ್ ಏರನ್ಸ್ ಕಿಚನ್‌ಏಡಿಗೆ ಇಂದಿಗೂ ಗುರುತು ಸಿಕ್ಕುವ ನಯವಾದ ರೂಪ ಕೊಟ್ಟನು. 1950ರಲ್ಲಿ ಇಂಗ್ಲೆಂಡಿನ ಕೆನೆತ್ ವುಡ್ ತನ್ನ ಕೆನ್‌ವುಡ್ ಷೆಫ್ ಯಂತ್ರವನ್ನು ಲಂಡನ್ನಿನ ಪ್ರದರ್ಶನದಲ್ಲಿ ಜನರ ಮುಂದಿಟ್ಟನು.

ಇಷ್ಟೆಲ್ಲ ಆದರೂ ಈ ಜಾಣರ ಲೆಕ್ಕದಲ್ಲಿ ಒಂದು ಬಾಬು ಬಿಟ್ಟುಹೋಗಿತ್ತು. ಕಲಸುವ ಶ್ರಮವನ್ನು ಯಂತ್ರ ಹೊತ್ತಿತು. ಆ ಯಂತ್ರವನ್ನೇ ಎತ್ತುವ, ತಿರುಪುವ, ಚಿವುಟಿ ಹಿಡಿಯುವ ಶ್ರಮ ಕೈಗೇ ಉಳಿಯಿತು. ಕೀಲುನೋವು ಹೊಸ ರೋಗವೇನಲ್ಲ. ನಮ್ಮ ಮಾಧವನಿದಾನದಲ್ಲಿ ಆಮವಾತಕ್ಕೆ ಒಂದು ಅಧ್ಯಾಯವೇ ಇದೆ. ಪಶ್ಚಿಮದಲ್ಲಿ 1859ರಲ್ಲಿ ಆಲ್ಫ್ರೆಡ್ ಗ್ಯಾರಡ್ ‘ರುಮಟಾಯ್ಡ್ ಆರ್ಥ್ರೈಟಿಸ್’ ಎಂಬ ಹೆಸರಿಟ್ಟನು. ಆದರೆ ಒಂದು ಹಿಡಿತದಲ್ಲಿ ಕೀಲಿನ ಮೇಲೆ ಬೀಳುವ ಭಾರವೆಷ್ಟು ಎಂಬ ಲೆಕ್ಕ ಬಹಳ ತಡವಾಗಿ ಬಂದಿತು. 1977ರಲ್ಲಿ ಕೂನಿ ಮತ್ತು ಚಾವೊ ಎಂಬ ಅಮೆರಿಕದ ಸಂಶೋಧಕರು ತೋರಿಸಿದ ಸಂಗತಿ ಬೆರಗುಗೊಳಿಸುವಂಥದು: ಹೆಬ್ಬೆರಳಿನ ತುದಿಯಿಂದ ಒಂದು ಕಿಲೋ ಬಲದಲ್ಲಿ ಚಿವುಟಿ ಹಿಡಿದರೆ ಅದರ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋ ಒತ್ತಡ ಬೀಳುತ್ತದೆ. ಪುಟ್ಟ ಗುಂಡಿಯೊಂದನ್ನು ತಿರುಪುವಾಗ ಅಕ್ಕ ‘ಅಮ್ಮಾ’ ಎನ್ನುವುದು ಸುಮ್ಮನೆ ಅಲ್ಲ.

ಬಿಟ್ಟುಹೋದ ಬಾಬನ್ನು ಲೆಕ್ಕಕ್ಕೆ ತಂದವರಲ್ಲಿ ಮಾರ್ಕ್ ಹ್ಯಾರಿಸನ್ ಒಬ್ಬರು. ಬಾಲ್ಯದಲ್ಲಿ ಹಿಮದ ಮೇಲೆ ಜಾರುವ ಆಟದಲ್ಲಿ ಮಿದುಳಿಗೆ ಪೆಟ್ಟು ಬಿದ್ದು, ನಡೆಯುವುದನ್ನೂ ಮಾತನ್ನೂ ಮತ್ತೆ ಕಲಿತವರು ಅವರು. 1970ರ ದಶಕದ ಕೊನೆಯಲ್ಲಿ ಕ್ವಿಸಿನಾರ್ಟ್ ಎಂಬ ಅಡಿಗೆ ಯಂತ್ರವನ್ನು ಅವರು ಹೊಸದಾಗಿ ರೂಪಿಸಿದಾಗ, ದೊಡ್ಡ ಹಿಡಿಯನ್ನೂ ಅಂಗೈಯಿಂದಲೇ ಒತ್ತಬಹುದಾದ ಅಗಲ ಗುಂಡಿಗಳನ್ನೂ ಇಟ್ಟರು. ಅಶಕ್ತರಿಗೆ ಅನುಕೂಲವಾದುದು ಶಕ್ತರಿಗೂ ಹಿತವೆನಿಸಿತು.

ಇನ್ನೊಂದು ಕಥೆ ತರಕಾರಿಯ ಸಿಪ್ಪೆ ಹೆರೆಯುವ ಸಾಧನದ್ದು. ಸ್ಯಾಮ್ ಫಾರ್ಬರ್ ಎಂಬ ಉದ್ಯಮಿಯ ಪತ್ನಿ ಬೆಟ್ಸಿಗೆ ಸಂಧಿವಾತ. ಸೇಬಿನ ಸಿಪ್ಪೆ ತೆಗೆಯಲು ಆಕೆ ಪಟ್ಟ ಕಷ್ಟದಿಂದ ದಪ್ಪನೆಯ ರಬ್ಬರ್ ಹಿಡಿಯ ಉಪಕರಣಗಳು ಹುಟ್ಟಿ 1990ರಲ್ಲಿ ಆಕ್ಸೊ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದವು. ಸಹೃದಯಿ ಗಂಡ ಹೆಂಡತಿಯ ಕಷ್ಟಕ್ಕೆ ಮರುಗಿದನೆಂದೇ ಈ ಕಥೆಯನ್ನು ಎಲ್ಲರೂ ಹೇಳುತ್ತ ಬಂದರು. ಆದರೆ ಬೆಟ್ಸಿ ವಾಸ್ತುಶಿಲ್ಪವನ್ನು ಓದಿದವರು. ಹಿಡಿ ಕೈಗೆ ಸುಖವಾಗಿರಬೇಕೆಂಬ ಕಲ್ಪನೆ ತಮ್ಮದೆಂದೂ, ಇತಿಹಾಸ ಮಾತ್ರ ತಮ್ಮನ್ನು ಸಂಧಿವಾತದ ಹೆಂಗಸೆಂದೇ ನೆನೆಯಬಹುದೆಂದೂ ಅವರು ಮುಂದೆ ಹೇಳಿದರು. ನೋವುಂಡವರನ್ನು ಉಪಕಾರ ಪಡೆದವರೆಂದು ಮಾತ್ರ ಬರೆದು, ಅವರ ಬುದ್ಧಿಯನ್ನು ಮರೆಯುವುದು ಚರಿತ್ರೆಕಾರರ ಹಳೆಯ ಚಾಳಿ.

ನಮ್ಮ ದೇಶದ ಮಾತೂ ಇದೆ. 1960ರ ದಶಕದಲ್ಲಿ ಮುಂಬಯಿಯ ಇಂಜಿನಿಯರ್ ಸತ್ಯಪ್ರಕಾಶ ಮಾಥುರ್ ಅವರ ಮನೆಯಲ್ಲಿ ವಿದೇಶದ ಬ್ಲೆಂಡರು ನಮ್ಮ ರುಬ್ಬುವ ಕೆಲಸಕ್ಕೆ ತಾಳದೆ ಕೆಟ್ಟುಹೋಯಿತು. ಪತ್ನಿ ಮಾಧುರಿಯವರಿಗಾಗಿ ಅವರು ರೂಪಿಸಿದ ಗಟ್ಟಿ ಯಂತ್ರವೇ ಸುಮೀತ್ ಮಿಕ್ಸಿಯಾಗಿ ಒರಳುಕಲ್ಲಿನ ಭಾರವನ್ನು ಇಳಿಸಿತು. ಆದರೆ ನಮ್ಮ ಮಿಕ್ಸಿಯೇ ಬೇರೆ, ಕೇಕಿನ ಮಿಕ್ಸರೇ ಬೇರೆ. ಮಿಕ್ಸಿಯ ಅಲಗು ಕತ್ತರಿಸಿ ಅರೆಯುತ್ತದೆ. ಮಿಕ್ಸರಿನ ಕೋಲು ಗಾಳಿ ತುಂಬುತ್ತದೆ, ಕೊಕ್ಕೆ ನಾದುತ್ತದೆ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಹೊರಟರೆ ಹಿಟ್ಟೂ ಕೆಡುತ್ತದೆ, ಮೋಟಾರೂ ಕೆಡುತ್ತದೆ.

ಹಾಗಾದರೆ ಕೊಳ್ಳುವುದು ಯಾವುದನ್ನು? ಕೈಯಲ್ಲಿ ಹಿಡಿಯುವ ಮಿಕ್ಸರು ಹಗುರ, ಅಗ್ಗ. ಆದರೆ ಅದು ನಡುಗುತ್ತಿರುವಷ್ಟು ಹೊತ್ತೂ ಬಿಗಿಹಿಡಿದಿರಬೇಕು. ನಿಲ್ಲುವ ಮಿಕ್ಸರಿನಲ್ಲಿ ಎರಡು ಜಾತಿ. ಒಂದರಲ್ಲಿ ತಲೆ ಹಿಂದಕ್ಕೆ ಬಾಗುತ್ತದೆ. ಸನ್ನೆಯನ್ನು ಸರಿಸಿ ಭಾರವಾದ ತಲೆಯನ್ನು ಎತ್ತಬೇಕು, ಕೆಲವದರಲ್ಲಿ ಪಾತ್ರೆಯನ್ನು ತಿರುಪಿ ಕೂರಿಸಬೇಕು. ಇನ್ನೊಂದರಲ್ಲಿ ತಲೆ ಅಲುಗದು, ಸನ್ನೆ ತಿರುಗಿಸಿದರೆ ಪಾತ್ರೆಯೇ ಮೇಲೇರುತ್ತದೆ. ಆದರೆ ತುಂಬಿದ ಪಾತ್ರೆಯನ್ನು ಎರಡು ಕೈಯಿಂದ ಎತ್ತಿ ಕಳಚಬೇಕು. ಯಂತ್ರ ಭಾರವಾದಷ್ಟೂ ನಾದುವಾಗ ಕುಣಿಯದೆ ನಿಲ್ಲುತ್ತದೆ. ಆದ್ದರಿಂದ ಭಾರವನ್ನು ಬಯಸಲೂ ಬೇಕು, ಅಂಜಲೂ ಬೇಕು. ಹತ್ತು ಹನ್ನೆರಡು ಕಿಲೋ ತೂಗುವ ಯಂತ್ರಕ್ಕೆ ಅಡಿಗೆ ಕಟ್ಟೆಯ ಮೇಲೆ ಕಾಯಂ ಜಾಗ ಕೊಡಬೇಕು. ಬೀರುವಿನಿಂದ ಇಳಿಸಿ ಏರಿಸುವುದಾದರೆ ಕೊಳ್ಳದಿರುವುದೇ ಲೇಸು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ವ್ಯಾಟಿನ ಸಂಖ್ಯೆ ಯಂತ್ರ ಎಳೆಯುವ ವಿದ್ಯುತ್ತನ್ನು ಹೇಳುತ್ತದೆಯೇ ಹೊರತು ಮಾಡುವ ಕೆಲಸವನ್ನಲ್ಲ.

ಇಷ್ಟನ್ನೂ ಅಕ್ಕನಿಗೆ ಒಪ್ಪಿಸಿದೆ. ಅವಳು ಅಂಗಡಿಗೆ ಬಂದು, ಮಾರುವವನ ವಿವರಣೆ ಮುಗಿಯುವ ಮೊದಲೇ ಯಂತ್ರಗಳ ಮೇಲೆ ಕೈಯಿಟ್ಟಳು. ಸನ್ನೆಯನ್ನು ಬೆರಳಿನಿಂದಲ್ಲ, ಅಂಗೈಯ ಅಂಚಿನಿಂದ ಒತ್ತಿದಳು. ಕೋಲನ್ನು ಸಿಕ್ಕಿಸಿ ಕಳಚಿದಳು. ಖಾಲಿ ಪಾತ್ರೆಯಲ್ಲಿ ಎರಡು ಕಿಲೋ ತೂಕವಿಡಿಸಿ ಎತ್ತಿ ನೋಡಿದಳು. ನಾಲ್ಕನ್ನು ಬಿಟ್ಟು ಐದನೆಯದನ್ನು ಆರಿಸಿದಳು: ತಲೆ ಬಾಗುವಂಥದು, ಪಾತ್ರೆಗೆ ಅಗಲವಾದ ಹಿಡಿಯಿರುವಂಥದು. ತುಂಬಿದ ಪಾತ್ರೆಯನ್ನು ಎತ್ತುವುದೇ ಬೇಡ, ಹಿಟ್ಟನ್ನು ಭಾಗಭಾಗವಾಗಿ ತೋಡಿಕೊಂಡರಾಯಿತು ಎಂಬುದೂ ಅವಳದೇ ಯೋಚನೆ. ನಾನು ಓದಿದ ಯಾವ ಪುಟದಲ್ಲಿಯೂ ಅದು ಇರಲಿಲ್ಲ.

ಯಂತ್ರಕ್ಕೆ ಹಣವಿಲ್ಲದವರಿಗೂ ಒಂದು ಮಾರ್ಗವುಂಟು. 2006ರಲ್ಲಿ ನ್ಯೂಯಾರ್ಕಿನ ಬೇಕರಿಯ ಜಿಮ್ ಲೇಹಿ ಅವರ ‘ನಾದದ ಬ್ರೆಡ್ಡು’ ಪತ್ರಿಕೆಯ ಮೂಲಕ ಜನಪ್ರಿಯವಾಯಿತು. ಹೆಚ್ಚು ನೀರು, ಚಿಟಿಕೆ ಯೀಸ್ಟು ಹಾಕಿ ಸೌಟಿನಿಂದ ಒಮ್ಮೆ ಕಲಸಿ, ಹನ್ನೆರಡು ಹದಿನೆಂಟು ಗಂಟೆ ಮುಚ್ಚಿಟ್ಟರೆ, ನಾದಿದರೆ ಬರುವ ಹದ ತಾನಾಗಿಯೇ ಬರುತ್ತದೆ. ರಾತ್ರಿ ದೋಸೆಹಿಟ್ಟನ್ನು ಹುದುಗಲಿಟ್ಟು ಮಲಗುವ ನಮ್ಮ ಮನೆಗಳಿಗೆ ಈ ತತ್ತ್ವವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಗ್ಲಾಸ್ ಹೇಳಿದ ಒಂದು ಗಂಟೆಯ ಬಡಿತಕ್ಕೂ ಈ ಒಂದು ರಾತ್ರಿಯ ವಿಶ್ರಾಂತಿಗೂ ನಡುವೆ ಎರಡೂವರೆ ಶತಮಾನಗಳು ಕಳೆದಿವೆ. ಅಷ್ಟು ಕಾಲದಲ್ಲಿ ಬಂದ ಸಾಧನಗಳಲ್ಲಿ ಯಾವುದು ಒಳ್ಳೆಯದೆಂಬ ಪ್ರಶ್ನೆಯನ್ನು ಮೊದಲು ಕೇಳಬೇಕಾದುದು ಇಂಜಿನಿಯರನ್ನೂ ಅಲ್ಲ, ಅಂಗಡಿಯವನನ್ನೂ ಅಲ್ಲ; ಅದನ್ನು ದಿನವೂ ಹಿಡಿಯಬೇಕಾದ ಕೈಯನ್ನು.