ತೋಟಾದ ಕೊರಳು

ರೂಪನಗುಡಿ, ಕುರುಗೋಡು, ಸಿರುಗುಪ್ಪಗಳ ಎರೆಯ ಸೀಮೆಯವರಿಗೆ ಬಿರುಕೆಂಬುದು ಹೊಸತಲ್ಲ. ಮಳೆಗಾಲದಲ್ಲಿ ನೀರುಂಡು ಉಬ್ಬಿದ ಕರಿಯ ನೆಲ ಬೇಸಗೆಯಲ್ಲಿ ಕುಗ್ಗಿ, ಕೈ ಇಳಿಯುವಷ್ಟು ಅಗಲಕ್ಕೆ ಬಾಯಿ ಬಿಡುತ್ತದೆ. ಬಿಸಿಲೇ ನೆಲವನ್ನು ಸೀಳಿತೆಂದು ನಾವು ಹೇಳುತ್ತೇವೆ. ಆದರೆ ಅದೇ ಬಿಸಿಲು ಹಳ್ಳದ ದಡದ ಮರಳುನೆಲವನ್ನು ಸೀಳುವುದಿಲ್ಲ. ಬಿರಿಯುವ ಗುಣ ಎರೆಮಣ್ಣಿನ ಒಳಗೇ ಇದೆ. ಬಿಸಿಲು ಅದನ್ನು ಹೊರಗೆ ತೋರಿಸುತ್ತದೆ, ಅಷ್ಟೆ. ಕಾರಣ ಬೇರೆ, ನೆಪ ಬೇರೆ ಎಂಬ ಈ ವಿವೇಕವನ್ನು ಹಿಂದೂಸ್ಥಾನದಲ್ಲಿದ್ದ ಬ್ರಿಟಿಷ್ ಸೈನ್ಯ ಒಂದು ಬೆರಳುದ್ದದ ಹಿತ್ತಾಳೆಯ ಕೊಳವೆಯಿಂದ ಕಲಿಯಬೇಕಾಯಿತು. ಬಂದೂಕಿನ ತೋಟಾದ ಆ ಕೊಳವೆಯ ಕೊರಳನ್ನು ಕುರಿತದ್ದು ಈ ಮಾತು.

ಬಂದೂಕಿನ ಚರಿತ್ರೆಯೆಂದರೆ ಒಂದು ರೀತಿಯಲ್ಲಿ ಗುಂಡಿಗೂ ನಳಿಗೆಗೂ ನಡುವೆ ಇರುವ ಕೂದಲೆಳೆಯ ಸಂದಿನ ಚರಿತ್ರೆ. ೧೫೨೦ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಮುತ್ತಿದಾಗ, ಕ್ರಿಸ್ತೋವಾವ್ ದ ಫಿಗೇರೆದು ಎಂಬ ಪೋರ್ಚುಗೀಸನ ಬಂದೂಕುಗಾರರು ಗೋಡೆಯ ಮೇಲಿನ ಕಾವಲುಗಾರರನ್ನು ಗುರಿಯಿಟ್ಟು ಕೆಡವಿದರೆಂದು ನೂನಿಜ್ ಬರೆದಿಟ್ಟಿದ್ದಾನೆ. ಅಂದಿನ ಬಂದೂಕಿಗೆ ಬಾಯಿಯಿಂದಲೇ ಮದ್ದು, ಬಾಯಿಯಿಂದಲೇ ಗುಂಡು. ಸಲೀಸಾಗಿ ಇಳಿಯಬೇಕಾದರೆ ಗುಂಡು ನಳಿಗೆಗಿಂತ ಕಿರಿದಾಗಿರಬೇಕು. ಕಿರಿದಾದರೆ ಅದು ಗುರಿ ತಪ್ಪುತ್ತದೆ. ಬಿಗಿಯಾಗಿದ್ದರೆ ಗುರಿ ನೆಟ್ಟಗೆ, ತುಂಬುವುದು ಕಷ್ಟ. ಈ ಇಕ್ಕಟ್ಟು ಮೂರು ಶತಮಾನಗಳಿಗೂ ಹೆಚ್ಚು ಕಾಲ ಬಗೆಹರಿಯಲಿಲ್ಲ.

೧೮೫೩ರ ಎನ್‌ಫೀಲ್ಡ್ ಬಂದೂಕು ಅದಕ್ಕೊಂದು ಉಪಾಯ ಹೂಡಿತು. ಮದ್ದು ಗುಂಡುಗಳೆರಡನ್ನೂ ಒಂದೇ ಕಾಗದದ ಸುರುಳಿಯಲ್ಲಿಟ್ಟು, ಗುಂಡಿನ ಕಡೆಗೆ ಕೊಬ್ಬು ಸವರಿದರು. ಸುರುಳಿಯನ್ನು ಹಲ್ಲಿನಿಂದ ಹರಿದು ತುಂಬಬೇಕು. ಆ ಕೊಬ್ಬು ಹಸುವಿನದು, ಹಂದಿಯದು ಎಂಬ ಸುದ್ದಿ ೧೮೫೭ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ಡಮ್‌ಡಮ್‌ನಿಂದ ಹೊರಟು ಸಿಪಾಯಿಗಳ ನಡುವೆ ಹಬ್ಬಿದ್ದನ್ನೂ, ಮೇ ತಿಂಗಳಲ್ಲಿ ಮೀರತ್ ಸಿಡಿದದ್ದನ್ನೂ ಎಲ್ಲರೂ ಬಲ್ಲರು.

ಮುಂದಿನ ದಶಕದಲ್ಲಿ ಕಾಗದ ಹೋಗಿ ಹಿತ್ತಾಳೆ ಬಂತು. ೧೮೭೧ರಲ್ಲಿ ಬ್ರಿಟಿಷ್ ಸೈನ್ಯ ಒಪ್ಪಿಕೊಂಡ ಮಾರ್ಟಿನಿ-ಹೆನ್ರಿ ಬಂದೂಕಿನ ತೋಟಾಕ್ಕೆ ದಪ್ಪನೆಯ ಮೈ, ಸಣ್ಣ ಕೊರಳು. ಮೈ ತುಂಬ ಮದ್ದು, ಕೊರಳಲ್ಲಿ ಗುಂಡು. ನಮ್ಮ ನೀರಿನ ಬಿಂದಿಗೆಯ ಕಟ್ಟೇ ಅದರದೂ. ಈಡು ಹಾರಿದ ಕ್ಷಣದಲ್ಲಿ ಹಿತ್ತಾಳೆ ಉಬ್ಬಿ, ತಾನು ಕುಳಿತ ಗೂಡಿನ ಗೋಡೆಗೆ ಒತ್ತಿಕೊಂಡು, ಬೆಂಕಿ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಬಳಿಕ ತುಸು ಕುಗ್ಗುತ್ತದೆ. ಆದರೆ ಮೊದಲಿನ ಅಳತೆಗೆ ಮರಳುವುದಿಲ್ಲ. ಕೊರಳು ಸಡಿಲವಾಗಿ ಉಳಿಯುತ್ತದೆ.

ಪೇಟೆಯಿಂದ ದೂರವಿದ್ದ ಬೇಟೆಗಾರರು ಹಾರಿಸಿದ ಕೊಳವೆಯನ್ನು ಎಸೆಯುತ್ತಿರಲಿಲ್ಲ. ಅದಕ್ಕೆ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ತುಂಬುತ್ತಿದ್ದರು. ಅದಕ್ಕೆ ಮುನ್ನ ಕೊರಳನ್ನು ಉಕ್ಕಿನ ಅಚ್ಚಿನಲ್ಲಿ ತೂರಿಸಿ, ಗುಂಡಿಗಿಂತ ಅಂಗುಲದ ಸಾವಿರದಲ್ಲೆರಡು ಮೂರು ಪಾಲಿನಷ್ಟು ಕಿರಿದುಗೊಳಿಸಬೇಕು. ಆಗಲೇ ಅದು ಗುಂಡನ್ನು ಹಿಡಿದು ನಿಲ್ಲಿಸೀತು. ಇಡೀ ಮೈಯನ್ನು ಒತ್ತಿದರೆ ಆ ಜಾತಿಯ ಯಾವ ಬಂದೂಕಿಗೂ ಕೊಳವೆ ಹೊಂದುತ್ತದೆ. ಕೊರಳನ್ನಷ್ಟೇ ಒತ್ತಿದರೆ ಮೈ ತನ್ನ ಹಳೆಯ ಬಂದೂಕಿನ ಗೂಡಿನ ಆಕಾರವನ್ನು ಉಳಿಸಿಕೊಂಡು, ಅದಕ್ಕೇ ಒಗ್ಗಿದ ತೋಟಾ ಆಗುತ್ತದೆ. ಆದರೆ ಒತ್ತಿದಷ್ಟೂ ಹಿತ್ತಾಳೆ ಗಡುಸಾಗುತ್ತದೆ. ಕೆಲವು ಸಲದ ಮೇಲೆ ಕೊರಳು ಸೀಳುತ್ತದೆ. ಬಡಿದು ಬಡಿದು ಗಡುಸಾದ ತಂಬಿಗೆಯನ್ನು ಕಂಚುಗಾರ ನಡುನಡುವೆ ಬೆಂಕಿಗೆ ಹಿಡಿಯುವುದು ಈ ಕಾರಣಕ್ಕೇ.

ಹಾರಿಸಿದ ತೋಟಾ ಬಿರಿದರೆ ಸೋಜಿಗವಿಲ್ಲ. ಸೈನ್ಯವನ್ನು ಕಂಗೆಡಿಸಿದ್ದು ಒಮ್ಮೆಯೂ ಹಾರಿಸದ ಹೊಸ ತೋಟಾಗಳು. ಮಳೆಗಾಲದಲ್ಲಿ ದಂಡಿನ ಓಡಾಟ ಕಡಿಮೆ. ಆಗ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇರಿಸುತ್ತಿದ್ದರು. ಮಳೆ ನಿಂತು ಹೊರತೆಗೆದಾಗ ಎಷ್ಟೋ ತೋಟಾಗಳು ಬಿರಿದಿದ್ದವು, ಅದೂ ಹೆಚ್ಚಾಗಿ ಗುಂಡನ್ನು ಬಿಗಿಹಿಡಿದ ಕೊರಳಿನಲ್ಲಿ. ಯಾರೂ ಮುಟ್ಟಿಲ್ಲ, ಕೆಡವಿಲ್ಲ; ತಾವೇ ಬಿರಿದಿವೆ. ಯುದ್ಧದಲ್ಲಿ ಅಂಥ ತೋಟಾವನ್ನು ನಂಬಿದವನ ಪಾಡೇನು? ಈ ರೋಗಕ್ಕೆ ಅವರು ಇಟ್ಟ ಹೆಸರಿನ ಅರ್ಥ ‘ಋತುವಿನ ಬಿರುಕು’. ಹೆಸರೇ ತಪ್ಪನ್ನು ಋತುವಿನ ಮೇಲೆ ಹೊರಿಸಿದಂತಿತ್ತು.

ನಿಜ ಸಂಗತಿಯನ್ನು ೧೯೨೧ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ವಿಜ್ಞಾನಿಗಳು ಬಿಡಿಸಿಟ್ಟರು. ಕುದುರೆಯ ಮೂತ್ರದಿಂದೇಳುವ ಅಮೋನಿಯಾ ಆವಿ, ಮಳೆಗಾಲದ ತೇವದೊಡಗೂಡಿ, ಹಿತ್ತಾಳೆಯನ್ನು ಸದ್ದಿಲ್ಲದೆ ಕೊರೆಯುತ್ತಿತ್ತು. ಆದರೆ ಅದು ಅರ್ಧ ಉತ್ತರ. ತಣ್ಣಗಿರುವಾಗಲೇ ಎಳೆದು, ಒತ್ತಿ ರೂಪಿಸಿದ ಲೋಹದ ಒಳಗೆ ಆ ಒತ್ತಡ ಅಡಗಿ ಉಳಿದಿರುತ್ತದೆ. ಹೊರಗೆ ನಯ, ಒಳಗೆ ಬಿಗಿತ. ಆವಿ ಹುಡುಕಿಕೊಂಡು ಹೋದದ್ದು ಆ ಬಿಗಿತವನ್ನೇ. ಹದವಾಗಿ ಕಾಯಿಸಿ ಬಿಗಿತವನ್ನು ಇಳಿಸಿದರೆ ಬಿರುಕಿನ ಭಯ ಬಹುಮಟ್ಟಿಗೆ ಇಲ್ಲ. ಇಂದಿಗೂ ಸೈನ್ಯದ ಬಂದೂಕಿನ ಎಷ್ಟೋ ತೋಟಾಗಳ ಕೊರಳ ಸುತ್ತ ಕಾಣುವ ನೀಲಿಗಂದು ಛಾಯೆ ಆ ಬೆಂಕಿಯ ಗುರುತು.

ಇಲ್ಲಿ ಚರಿತ್ರೆಯ ಓದುಗನಿಗೂ ಒಂದು ಪಾಠವಿದೆ. ೧೮೫೭ನ್ನು ಕೊಬ್ಬಿನ ತೋಟಾದ ದಂಗೆಯೆಂದು ಕರೆದವರು ಆವಿಯನ್ನು ಕಂಡರು, ಬಿಗಿತವನ್ನು ಕಾಣಲಿಲ್ಲ. ಸಂಸ್ಥಾನಗಳನ್ನು ಕಸಿದದ್ದು, ಕಂದಾಯ ಹೇರಿದ್ದು, ಸಿಪಾಯಿಯ ಮಾನಕ್ಕೆ ಕುಂದು ತಂದದ್ದು, ಇವೆಲ್ಲ ಒಳಗಿದ್ದ ಒತ್ತಡಗಳು. ಅದೇ ವರ್ಷದ ನವೆಂಬರಿನಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ತಿರುಗಿಬಿದ್ದರು. ಅವರ ಹೋರಾಟವನ್ನು ಲಾವಣಿಗಳು ಹಾಡಿವೆ. ಅಲ್ಲಿ ಕೊಬ್ಬಿನ ಮಾತಿರಲಿಲ್ಲ. ನಿಶ್ಶಸ್ತ್ರೀಕರಣದ ಕಾಯ್ದೆ ಇತ್ತು. ನೆಪ ಬೇರೆಯಾದರೂ ಬಿರುಕು ಒಂದೇ.

ನಮ್ಮ ಬಳ್ಳಾರಿಯೂ ಈ ಕಥೆಯ ಹೊರಗಿನದಲ್ಲ. ೧೮೦೦ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ೧೮೦೭ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರನಾಗಿ ಪಾಳೆಯಗಾರರ ಬಲವನ್ನು ಮುರಿದ. ಬಳ್ಳಾರಿ ದಂಡಿನ ಊರಾಯಿತು. ಅಚ್ಚಿಗೆ ಒತ್ತಿದ ನಾಡು ಹೊರನೋಟಕ್ಕೆ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಒತ್ತುವುದು ಆಳುವವರಿಗೆ ಸುಲಭ. ಒತ್ತಿದ ಮೇಲೆ ಹದವಾಗಿ ಕಾಯಿಸಿ ಬಿಗಿತ ಇಳಿಸುವ ಸಹನೆ ಅಪರೂಪ. ಬಿರುಕು ಕಂಡಾಗ ಋತುವನ್ನು ದೂರುವ ಮೊದಲು ಕೊರಳನ್ನು ಒತ್ತಿದ ಕೈ ಯಾವುದೆಂದು ಕೇಳುವುದು ಲೋಹಶಾಸ್ತ್ರಕ್ಕೂ ಚರಿತ್ರೆಗೂ ಸಮನಾಗಿ ಸಲ್ಲುವ ಪ್ರಶ್ನೆ.